ಕೊಟ್ಟಿಗೆಯಲ್ಲಿ ನೆಟ್ಟಗಿದ್ದ ಹಾಯಿಕಂಬ

ನಮ್ಮ ಕಾಕಾನ ಮನೆಯ ದನದ ಕೊಟ್ಟಿಗೆಯಲ್ಲಿ ಎರಡು ವರ್ಷದಿಂದ ದನ ಇರಲಿಲ್ಲ, ಒಂದು ಹಾಯಿದೋಣಿ ಇತ್ತು. ಹುಕ್ಕೇರಿ ತಾಲ್ಲೂಕಿನಲ್ಲಿ ಗೂಟಕ್ಕೆ ದೋಣಿ ಕಟ್ಟಿದ ಮನೆ ಇನ್ನೊಂದಿದ್ದರೆ ಆ ಮನೆಯವರು ನನಗೆ ದಯವಿಟ್ಟು ತಿಳಿಸಬೇಕು. ನಾವು ಕೂಡಿ ಕೂತು ಮಾತಾಡುವುದು ಬಹಳ ಇದೆ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಮಿಲಿಟರಿಯಲ್ಲಿದ್ದವನು. ಬಂದೂಕು ಹಿಡಿಯಲು ಹೋದವನು ಪುಣೆಯ ಕೆರೆಯೊಂದರಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿತು ಬಂದ. ನಿವೃತ್ತನಾದ ಮೇಲೆ ಹಿಡಕಲ್ ಜಲಾಶಯದ ಹಿನ್ನೀರಿಗೆ ಹತ್ತಿ ಇರುವ ಹಳ್ಳಿಯಲ್ಲಿ ಮನೆ ಕಟ್ಟಿಸಿದ. ನೀರು ಕಣ್ಣೆದುರೇ ಇರುವಾಗ ಸುಮ್ಮನೆ ಕೂರುವುದು ಹೇಗೆ? ಗೋವಾದ ಮೋಡ್ಕಾ ಬಜಾರದ ಗುಜರಿ ಅಂಗಡಿಯೊಂದರಿಂದ ಹದಿಮೂರು ಅಡಿಯ ಹಳೆಯ ಫೈಬರ್ ದೋಣಿಯನ್ನು ಟೆಂಪೊದಲ್ಲಿ ಹೇರಿಸಿಕೊಂಡು ಬಂದ. ಅದು ಬಂದ ದಿನ ಊರಿನ ಅರ್ಧ ಜನ ಅದನ್ನು ಯಾವುದೋ ಮದುವೆಯ ಅಡಿಗೆ ಪಾತ್ರೆ ಅಂದುಕೊಂಡರು. ಉಳಿದರ್ಧ ಜನ ಹಾಗೆ ಅಂದುಕೊಳ್ಳದೆ ಕೈ ಹಾಕಿ ತಟ್ಟಿ ನೋಡಿದರು. ದೋಣಿಯ ಅಲ್ಯೂಮಿನಿಯಂ ಕಂಬ ಕೊಟ್ಟಿಗೆಯ ಮಾಡಿಗಿಂತ ಎತ್ತರವಾಗಿತ್ತು. ಕಾಕಾ ಒಂದು ಕ್ಷಣವೂ ಯೋಚಿಸದೆ ಮಾಡಿನ ಎರಡು ತಗಡು ಬಿಚ್ಚಿಸಿದ. ಕಂಬವನ್ನು ಎಬ್ಬಿಸಿ ನಿಲ್ಲಿಸಿದರೆ ಅದರ ತುದಿ ಆ ಕಿಂಡಿಯಿಂದ ಹೊರಬಂದು ಆಕಾಶ ನೋಡುತ್ತಿತ್ತು. ಆ ಎರಡು ತಗಡಿನ ಬಗ್ಗೆ ಕಾಕಿ ಎರಡು ವರ್ಷ ಆಡಿದ ಮಾತುಗಳನ್ನು ಜೋಡಿಸಿ ಹೊದಿಸಿದ್ದರೆ ಇಡೀ ಊರಿಗೇ ಮಾಡು ಆಗುತ್ತಿತ್ತು.

ಇನ್ನು ನಾನು. ನಾನು ಕುಲಗೋಡದ ಕಬ್ಬಿನ ಮನೆಯವನು. ಹುಕ್ಕೇರಿಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿತೆಂದು ಕಾಕಾನ ಮನೆಗೆ ಬಂದು, ಹೊರಗಿನ ಖೋಲಿಯಲ್ಲಿ ಮಲಗಲು ಹಗ್ಗದ ಹೊರಸೊಂದನ್ನು ಹಾಕಿಕೊಂಡು ಉಳಿದುಕೊಂಡೆ. ವಾರವೆಲ್ಲ ಬಸ್ಸಿನಲ್ಲಿ ಹೋಗಿ ಜನರ ಜಾತಿ ಪ್ರಮಾಣಪತ್ರವನ್ನು ಓರೆಯಾಗಿ ಝೆರಾಕ್ಸ್ ಮಾಡುವುದು, ರವಿವಾರ ಕಾಕಾನ ದೋಣಿಗೆ ಆಳಾಗುವುದು, ಇದು ನನ್ನ ಬದುಕು. ಎರಡು ವರ್ಷದಲ್ಲಿ ಹಾಯಿ ಬಿಚ್ಚುವುದು, ಕಟ್ಟುವುದು, ದೋಣಿ ತಿರುಗಿಸುವುದು ಎಲ್ಲ ಕಲಿತೆ. ಹಾಯಿಯ ಕೆಳಗೆ ಒಂದು ಅಡ್ಡಗಳೆ ಇರುತ್ತದೆ. ದೋಣಿ ತಿರುಗಿದಾಗ ಅದು ಈ ಕಡೆಯಿಂದ ಆ ಕಡೆಗೆ ಬೀಸಿಕೊಂಡು ಹೋಗುತ್ತದೆ. ಅದು ಬರುವುದು ನನಗೆ ಖಚಿತವಾಗಿ ಗೊತ್ತಾಗುತ್ತಿತ್ತು, ನನ್ನ ತಲೆಗೆ ಬಡಿದ ಮೇಲೆ.

ಈ ಸುಖಕ್ಕೆಲ್ಲ ಕುತ್ತು ಬಂದದ್ದು ಒಂದು ಎಮ್ಮೆಯಿಂದ. ನಮ್ಮ ಕುಲಗೋಡದ ಮನೆಯ ಎಮ್ಮೆಯೊಂದು ಈದಿತ್ತು. ಅದನ್ನು ಕರುವಿನ ಸಮೇತ ಕಾಕಿಗೆ ಕೊಡುವುದೆಂದು ಅಪ್ಪ ಮೊದಲೇ ಮಾತು ಕೊಟ್ಟಿದ್ದ. ಸೋಮವಾರ ಕರೆತರುತ್ತೇನೆಂದು ಫೋನು ಬಂತು. ಕಾಕಿ ಫೋನು ಇಟ್ಟು, ನೇರವಾಗಿ ಕೊಟ್ಟಿಗೆಯ ಬಾಗಿಲಲ್ಲಿ ಹೋಗಿ ನಿಂತಳು. ಅಲ್ಲಿ ಕಾಕಾ ದೋಣಿಯ ಹೊಟ್ಟೆ ಒರೆಸುತ್ತಿದ್ದ.

"ಎಮ್ಮಿ ಬರಾಕತ್ತೈತಿ," ಅಂದಳು. "ಇದನ್ನ ಯಾವಾಗ ಕಳಸ್ತೀರಿ?"

"ಎಲ್ಲಿಗೆ ಕಳಸಲಿ? ಇದಕ್ಕೇನ್ ತವರಮನಿ ಐತೇನ?"

"ಮೋಡ್ಕಾ ಬಜಾರಕ್ಕ. ಅಲ್ಲಿಂದನ ಬಂದೈತಲ್ಲ, ದಾರಿ ಅದಕ್ಕ ಗೊತ್ತಿರತೈತಿ."

"ಎರಡ ವರ್ಷ ಆತು, ಒಮ್ಮೆ ಆದರೂ ಕುಂತ ನೋಡಿಯೇನ ನೀನು? ಒಮ್ಮೆ ಕುಂದ್ರು. ಆಮ್ಯಾಲ ಹೇಳು."

ಕಾಕಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಪಂಚಾಯತಿಯ ಹಿರಿಯರು ಹೇಳುವ ಹಾಗೆ ಹೇಳಿದಳು:

"ಆತು. ರವಿವಾರ ಕುಂದರತೇನಿ. ಆ ದಂಡಿಗೆ ಹೋಗಿ ಈ ದಂಡಿಗೆ ಬರಬೇಕು. ಯಾರೂ ಹಗ್ಗಾ ಹಾಕಿ ಎಳೀಬಾರದು. ನನ್ನ ಸೀರಿಗೆ ಒಂದ ಹನಿ ನೀರ ತಾಗಬಾರದು. ಇಷ್ಟ ಆತಂದ್ರ ದೋಣಿ ಇಲ್ಲೇ ಇರಲಿ, ಎಮ್ಮಿಗೆ ನಾ ಬ್ಯಾರೆ ಏನರ ಮಾಡತೇನಿ. ಆಗಲಿಲ್ಲಂದ್ರ ದೋಣಿ ಹೊರಗ, ತಗಡ ಮ್ಯಾಲ, ಎಮ್ಮಿ ಒಳಗ."

ಕಾಕಾ ಒಪ್ಪಿಕೊಂಡ. ಅವನಿಗೆ ತನ್ನ ದೋಣಿಯ ಮೇಲೆ ಅಷ್ಟು ನಂಬಿಕೆ. ನಡುವೆ ನಾನು ಒಬ್ಬನಿದ್ದೇನೆಂಬುದನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.

ದೋಣಿಯ ಕಂಬ ತನ್ನಷ್ಟಕ್ಕೆ ತಾನು ನಿಲ್ಲುವುದಿಲ್ಲ. ಮೂರು ಉಕ್ಕಿನ ತಂತಿ ಅದನ್ನು ಹಿಡಿದಿರುತ್ತವೆ. ಎಡ ಮಗ್ಗುಲಿಗೆ ಒಂದು, ಬಲ ಮಗ್ಗುಲಿಗೆ ಒಂದು, ಮೂತಿಯ ಕಡೆಗೆ ಒಂದು. ಕರೆಂಟಿನ ಕಂಬಕ್ಕೆ ಎಳೆದು ಕಟ್ಟುತ್ತಾರಲ್ಲ, ಅದೇ ನಮೂನೆ. ಈ ಮೂರೂ ಸರಿಯಾಗಿ ಬಿಗಿದಿದ್ದರೆ ಕಂಬ ನೆಟ್ಟಗೆ, ಹಾಯಿ ನೆಟ್ಟಗೆ, ದೋಣಿ ಹೇಳಿದ ಕಡೆಗೆ. ನಮ್ಮ ದೋಣಿಯ ಹಳೆಯ ತಂತಿಗಳು ತುಕ್ಕು ಹಿಡಿದಿದ್ದವೆಂದು ಕಾಕಾ ಆ ತಿಂಗಳಷ್ಟೇ ಹೊಸವನ್ನು ತರಿಸಿದ್ದ. ಅವನ್ನು ಹಾಕಿ ಹದ ಮಾಡುವುದು ಬಾಕಿ ಇತ್ತು. ಅಷ್ಟರಲ್ಲಿ ಅವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಬಗ್ಗಬೇಡ, ಭಾರ ಎತ್ತಬೇಡ, ಬಿಸಿಲಿನತ್ತ ಮುಖ ಎತ್ತಿ ನೋಡಬೇಡ, ತಿಂಗಳು ಪೂರ್ತಿ ಕಪ್ಪು ಕನ್ನಡಕ ತೆಗೆಯಬೇಡ ಅಂತ ಡಾಕ್ಟರು ಹೇಳಿದ್ದರು. ತಿಂಗಳು ಮುಗಿಯುವುದು ಶನಿವಾರಕ್ಕೆ. ಆದ್ದರಿಂದ ತಂತಿಯ ಕೆಲಸ ನನ್ನ ಕೊರಳಿಗೆ ಬಿತ್ತು.

"ಬರತೈತೇನ ನಿಂಗ?" ಅಂತ ಕಾಕಾ ಕೇಳಿದ.

"ತಂತಿ ಬಿಗಿಯೂದ ಅಷ್ಟ ಅಲ್ಲೇನ್ರಿ ಕಾಕಾ. ನಾ ಕಬ್ಬಿನ ಮನಿಯಂವ," ಅಂದೆ.

ಇದಕ್ಕಿಂತ ಅಪಾಯದ ಮಾತನ್ನು ನಾನು ಇದುವರೆಗೆ ಆಡಿಲ್ಲ.

ಅಂಗಡಿಗೆ ಒಂದು ದಿನ ರಜೆ ಹಾಕಿ ಮೊದಲು ಗೋಕಾಕಕ್ಕೆ ಹೋದೆ. ತಂತಿಯ ತುದಿಗೆ ಸಿಕ್ಕಿಸಿ ತಿರುವುತ್ತಾ ಬಿಗಿಯುವ ಒಂದು ಉಕ್ಕಿನ ತುಂಡು ಇರುತ್ತದೆ, ಟರ್ನ್‌ಬಕಲ್ ಅನ್ನುತ್ತಾರೆ. ಅದರ ನಮೂನೆಯೊಂದನ್ನು ಕಾಕಾ ಕೈಯಲ್ಲಿ ಕೊಟ್ಟು ಕಳಿಸಿದ್ದ. ಅದನ್ನು ನಾನು ಬಸ್ಸಿನ ಸೀಟಿನ ಮೇಲೆ ಬಿಟ್ಟು ಇಳಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ಎರಡೂ ಕೈಯಿಂದ ಗಾಳಿಯಲ್ಲಿ ಚಿತ್ರ ಬಿಡಿಸಿ ತೋರಿಸಿದೆ. ಅಂಗಡಿಯವರು ಬಹಳ ತಾಳ್ಮೆಯಿಂದ ಬಾವಿಯ ಗಡಗಡಿ, ಬಾಗಿಲ ಅಗಳಿ, ಎತ್ತಿನ ಮೂಗುದಾರದ ಬಳೆ, ಒಂದಾದ ಮೇಲೊಂದು ತಂದಿಟ್ಟರು.

"ಯಾತಕ್ಕ ಬೇಕ್ರಿ ಇದು?"

"ದೋಣಿಗೆ ರೀ."

ಅವರು ನನ್ನನ್ನು ನೋಡಿದರು, ರಸ್ತೆಯನ್ನು ನೋಡಿದರು. "ಮೊದಲ ಹೇಳಬೇಕಿಲ್ಲೇನ್ರಿ," ಅಂದರು. ಆಮೇಲೆ ಪೆಂಡಾಲು ಹಾಕುವವರು ಒಯ್ಯುವ ಟರ್ನ್‌ಬಕಲ್ಲು ಮೂರು ತೆಗೆದುಕೊಟ್ಟರು. ಸರಿಯಾಗಿಯೇ ಇದ್ದವು. ಆ ಕೆಲಸದಲ್ಲಿ ಸರಿಯಾದದ್ದು ಅದೊಂದೇ, ಅದೂ ಅವರಿಂದ. ಸಂತೋಷಕ್ಕೆ ಕಾಲು ಕಿಲೊ ಕರದಂಟು ಕೊಂಡು, ಹುಕ್ಕೇರಿ ಮುಟ್ಟುವಷ್ಟರಲ್ಲಿ ಖಾಲಿ ಮಾಡಿದೆ.

ನಮ್ಮ ಕಡೆ ಕಬ್ಬಿನ ಟ್ರೇಲರ್ ತುಂಬಿದ ಮೇಲೆ ಅದರ ಮೇಲಿಂದ ಉಕ್ಕಿನ ಹಗ್ಗ ಹಾಯಿಸಿ, ಹಾರೆ ಸಿಕ್ಕಿಸಿ, ಇಬ್ಬರು ಜೋತುಬಿದ್ದು ತಿರುವುತ್ತಾರೆ. ಬೆರಳಿಂದ ಬಾರಿಸಿದರೆ ಹಗ್ಗ 'ಟಂಯ್' ಅನ್ನಬೇಕು. ಟಂಯ್ ಅಂದರೆ ಮೂಡಲಗಿ ದಾರಿಯ ಎಲ್ಲ ತಗ್ಗು ದಾಟಿದರೂ ಒಂದು ಗಣಿಕೆ ಬೀಳುವುದಿಲ್ಲ. ನನಗೆ ಗೊತ್ತಿದ್ದ ಬಿಗಿ ಅದೊಂದೇ. ಕೊಟ್ಟಿಗೆಗೆ ಬಂದು, ಕಂಬ ಎಬ್ಬಿಸಿ, ಮೂರೂ ತಂತಿ ಸಿಕ್ಕಿಸಿ, ಟರ್ನ್‌ಬಕಲ್ಲಿನ ನಡುವೆ ಹಾರೆ ಹಾಕಿ ತಿರುವಲು ಶುರು ಮಾಡಿದೆ. ತಂತಿ ಟಂಯ್ ಅಂದಿತು. ಇನ್ನೆರಡು ಸುತ್ತು ಕೊಟ್ಟೆ. ಕಂಬ ನಡುವಿನಲ್ಲಿ ಬಾಳೆಹಣ್ಣಿನ ಹಾಗೆ ಬಾಗಿತು. ನಾನು ಅದನ್ನು ವಿನಯ ಅಂದುಕೊಂಡೆ. ಮತ್ತೊಂದು ಸುತ್ತು. ದೋಣಿ ಹೊಟ್ಟೆನೋವು ಬಂದವರ ಹಾಗೆ ನರಳಿತು. ತಳದಲ್ಲಿ ನೀರು ಬಸಿಯಲು ಇರುವ ತೂತಿನ ಬೂಚು ಟಪ್ಪೆಂದು ಹಾರಿ, ಅಂಗಳದಲ್ಲಿ ಕಾಕಿ ಒಣಗಲು ಹಾಕಿದ್ದ ಶೇಂಗಾದ ನಡುವೆ ಹೋಗಿ ಬಿತ್ತು.

"ಏನದು ಸಪ್ಪಳಾ?" ಕಟ್ಟೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಕಾಕಾ ಕೇಳಿದ.

"ಏನಿಲ್ರಿ, ಶೇಂಗಾ."

"ಶೇಂಗಾ ಹಂಗ ಹಾರತಾವೇನ?"

ಕಾಕಾ ಎದ್ದು ಬಂದು ತಂತಿಗೆ ಕೈ ಹಚ್ಚಿದ. ಕಣ್ಣಿನ ಕೆಲಸವನ್ನು ಬೆರಳು ಮಾಡಿತು. "ಇದೇನ್ ದೋಣಿನೋ, ಕಬ್ಬಿನ ಗಾಡಿನೋ? ಬಿಡು, ಬಿಡು ಮೊದಲ. ಕಂಬ ತಳಾ ತೂತ ಮಾಡಿ ಕೆಳಗ ಇಳೀತೈತಿ," ಅಂದ. ಆಮೇಲೆ ಅಲ್ಲೇ ನಿಂತು ಬಿಡಿಸಿ ಹೇಳಿದ. ತಂತಿಯನ್ನು ಬೆರಳಲ್ಲಿ ಒತ್ತಿದರೆ ಸ್ವಲ್ಪ ಒಳಗೆ ಹೋಗಬೇಕು, ಮತ್ತೆ ಹೊರಗೆ ಬರಬೇಕು, ಅಷ್ಟೇ ಬಿಗಿ ಸಾಕು. ಬಿಗಿಗಿಂತ ಮುಖ್ಯ ಕಂಬ ದೋಣಿಯ ನಟ್ಟನಡುವೆ ಇರುವುದು. ಅದಕ್ಕೆ ಹಾಯಿ ಏರಿಸುವ ಹಗ್ಗ ಹಿಡಿದು, ಕಂಬದ ತುದಿಯಿಂದ ಎಡ ಅಂಚಿಗೆ ಎಷ್ಟು ಬರುತ್ತದೆ ಅಂತ ಗಂಟು ಹಾಕಬೇಕು, ಅದೇ ಗಂಟು ಬಲ ಅಂಚಿಗೂ ಮುಟ್ಟಬೇಕು.

"ಹಗ್ಗದಲೇ ಅಳಿ. ಮರೀಬ್ಯಾಡ."

"ಹೂಂ ರೀ."

ತಂತಿ ಸಡಿಲಿಸಿದೆ, ಶೇಂಗಾದಲ್ಲಿ ಬೂಚು ಹುಡುಕಿ ಮತ್ತೆ ತೂತಿಗೆ ಹಾಕಿದೆ. ಅಷ್ಟು ಮಾಡಿದೆ. ಆದರೆ ಹಗ್ಗದಿಂದ ಅಳೆಯುವುದು ನನಗೆ ಹಳೆಯ ಕಾಲದ ಪದ್ಧತಿ ಅನಿಸಿತು. ಬಾಜೂ ಮನೆಯಲ್ಲಿ ಒಬ್ಬ ಗೌಂಡಿ ಇದ್ದ. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಅವನು ದಾರಕ್ಕೆ ಒಂದು ಹಿತ್ತಾಳೆ ಗುಂಡು ಕಟ್ಟಿ ಇಳಿಬಿಡುತ್ತಿದ್ದ. ಅದನ್ನು ಇಸಕೊಂಡು ಬಂದು, ಏಣಿ ಏರಿ, ಮಾಡಿನ ಕಿಂಡಿಯಿಂದ ತಲೆ ಹೊರಗೆ ಹಾಕಿ, ಕಂಬದ ತುದಿಗೆ ಕಟ್ಟಿದೆ. ಕಂಬದ ಮೈಗೂ ದಾರಕ್ಕೂ ಮೇಲಿಂದ ಕೆಳತನಕ ಒಂದೇ ಅಂತರ ಬರುವವರೆಗೆ ಎಡ ತಂತಿ ಬಿಗಿ, ಬಲ ತಂತಿ ಸಡಿಲ, ಮತ್ತೆ ಎಡ, ಮತ್ತೆ ಬಲ. ಎರಡು ತಾಸು ಮಾಡಿದೆ. ಕೊನೆಗೆ ಕಂಬ ಎಷ್ಟು ನೆಟ್ಟಗಾಯಿತೆಂದರೆ, ಅದರ ಪಕ್ಕದಲ್ಲಿ ಕೊಟ್ಟಿಗೆಯ ಗೋಡೆ ಕುಡಿದು ನಿಂತ ಹಾಗೆ ಕಂಡಿತು. ಗೋಡೆಯ ಬಗ್ಗೆ ನನಗೆ ಕರುಣೆ ಬಂತು.

"ಅಳದಿ?" ಅಂತ ಕಾಕಾ ಕೇಳಿದ.

"ಅಳದೇನ್ರಿ."

"ಎರಡೂ ಬಾಜೂ ಸಮ ಬಂತ?"

"ಒಂದ ಎಳಿ ಹೆಚ್ಚಿಲ್ಲ, ಕಡಿಮಿಲ್ಲ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಗುಂಡು ಅಂದರೇನು, ಹಗ್ಗ ಅಂದರೇನು, ನೆಟ್ಟಗಾಗುವುದು ಮುಖ್ಯ ಎಂದುಕೊಂಡಿದ್ದೆ. ಹೀಗೆ ಅಂದುಕೊಂಡೇ ನಾನು ಡಿಪ್ಲೊಮಾದಲ್ಲಿ ಎರಡು ಸಲ ಫೇಲಾದದ್ದು.

ಶನಿವಾರ ಎರಡನೆಯ ಶನಿವಾರವಾಗಿತ್ತು. ಕಚೇರಿಗಳಿಗೆ ರಜೆ, ಹಾಗಾಗಿ ನಮ್ಮ ಝೆರಾಕ್ಸಿಗೂ ರಜೆ. ಮರುದಿನ ಕಾಕಿಯನ್ನು ಕೂಡಿಸುವ ಮೊದಲು ಒಮ್ಮೆ ನಡೆಸಿ ನೋಡೋಣವೆಂದು ಟ್ರ್ಯಾಕ್ಟರಿಗೆ ದೋಣಿಯ ಗಾಡಿ ಕಟ್ಟಿಕೊಂಡು ನೀರಿಗೆ ಹೋದೆವು. ಮುಂದಿನ ತಂತಿಯೊಂದನ್ನು ಕಳಚಿದರೆ ಕಂಬ ಹಿಂದಕ್ಕೆ ಮಲಗುತ್ತದೆ. ದಂಡೆಯಲ್ಲಿ ಎಬ್ಬಿಸಿ ಮತ್ತೆ ಸಿಕ್ಕಿಸಿದರಾಯಿತು, ಮಗ್ಗುಲ ತಂತಿಗಳ ಬಿಗಿ ಕೊಟ್ಟಿಗೆಯಲ್ಲಿದ್ದ ಹಾಗೇ ಇರುತ್ತದೆ. ಕಾಕಾ ದಂಡೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಪ್ಪು ಕನ್ನಡಕದಲ್ಲಿ, ದೊಡ್ಡ ಸಾಹೇಬರ ಹಾಗೆ ಕೂತ. ನಾನೊಬ್ಬನೇ ಹೊರಟೆ.

ಹೋಗುವಾಗ ಗಾಳಿ ಬಲಗಡೆಯಿಂದ ಇತ್ತು. ದೋಣಿ ಬಾಣದ ಹಾಗೆ ಹೋಯಿತು. ನಾನು ಒಂದು ಕೈ ಎತ್ತಿ ದಂಡೆಯ ಕಡೆ ಬೀಸಿದೆ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೂ ಕೈ ಬೀಸಿದರು. ನಡುನೀರಿನಲ್ಲಿ ತಿರುಗಿಸಿದೆ. ಈಗ ಗಾಳಿ ಎಡಗಡೆಯಿಂದ ಬಂತು. ದೋಣಿಗೆ ಏನಾಯಿತೋ, ಬಲಮಗ್ಗುಲಿಗೆ ವಾಲಿ, ನೀರು ಕುಡಿಯಲು ಬಗ್ಗಿದ ಹಾಗೆ ಬಗ್ಗಿತು. ನಾನು ಎಡ ಅಂಚಿಗೆ ಹೋಗಿ ಜೋತುಬಿದ್ದೆ. ಮುಂದಕ್ಕೆ ಹೋಗು ಅಂದರೆ ಪಕ್ಕಕ್ಕೆ ಜಾರುತ್ತದೆ. ಮತ್ತೆ ತಿರುಗಿಸಿದೆ, ಚೆನ್ನಾಗಿ ಹೋಯಿತು, ಆದರೆ ಮನೆಯಿಂದ ದೂರಕ್ಕೆ. ಹೀಗೆ ಅರ್ಧ ತಾಸು ನಾನು ಹೋಗುವುದನ್ನು ಬಹಳ ಚೆನ್ನಾಗಿ ಮಾಡಿದೆ, ಬರುವುದನ್ನು ಒಮ್ಮೆಯೂ ಮಾಡಲಿಲ್ಲ. ಕೊನೆಗೆ ಒಂದು ಜೇಕಿನ ಹುಲ್ಲಿನೊಳಗೆ ಹೋಗಿ ಸಿಕ್ಕಿಬಿದ್ದೆ. ಅಲ್ಲಿದ್ದ ನಾಲ್ಕು ಬೆಳ್ಳಕ್ಕಿ ಎದ್ದುಹೋಗಿ, ಸ್ವಲ್ಪ ದೂರದಲ್ಲಿ ಕೂತು ನನ್ನನ್ನು ನೋಡಿದವು.

ಮೀನು ಹಿಡಿಯುವವರೊಬ್ಬರು ತೆಪ್ಪದಲ್ಲಿ ಬಂದರು. ದೋಣಿಯ ಮೂತಿಗೆ ಹಗ್ಗ ಕಟ್ಟಿದರು. ತೆಪ್ಪದ ಬೆನ್ನಿಗೆ ಹಾಯಿದೋಣಿ ಮದುಮಗಳ ಹಾಗೆ ತಲೆ ತಗ್ಗಿಸಿ ಹೊರಟಿತು.

"ತಮ್ಮಾ," ಅಂದರು ಅವರು ಹುಟ್ಟು ಹಾಕುತ್ತಾ, "ಇದು ಬರೇ ಹೋಗಾಕ ಅಷ್ಟ ಐತೇನ, ಬರಾಕ ಬ್ಯಾರೇದ ಐತಿ?"

ದಂಡೆಯಲ್ಲಿ ಕಾಕಾ ಎದ್ದು ನಿಂತಿದ್ದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ಒಂದ ಕಡೆ ಓಡತೈತಿ, ಒಂದ ಕಡೆ ಬೀಳತೈತಿ. ಅಂದ್ರ ಕಂಬ ನಡುವ ಇಲ್ಲ," ಅಂದ. "ನೀ ಹಗ್ಗದಲೇ ಅಳದಿ?"

ಆಗಲೇ ಹೇಳಬಹುದಿತ್ತು. ತೆಪ್ಪದವರು ನಿಂತಿದ್ದರು, ಬಟ್ಟೆ ಒಗೆಯುವವರು ಕೆಲಸ ಬಿಟ್ಟು ನೋಡುತ್ತಿದ್ದರು. "ಅಳದೇನ್ರಿ," ಅಂದೆ.

"ಸಮ ಬಂದಿತ್ತ?"

"ಬಂದಿತ್ರಿ."

ಕಾಕಾ ಕುರ್ಚಿಯಲ್ಲಿ ಕೂತ. ಸ್ವಲ್ಪ ಹೊತ್ತು ತನ್ನ ಕೈಬೆರಳುಗಳನ್ನೇ ನೋಡಿಕೊಂಡ. "ಹಂಗಾದ್ರ ನಂಗ ಮರತೈತಿ," ಅಂದ. "ನಾನ ತಪ್ಪ ಹೇಳೇನಿ. ಆ ಕೆರಿ ಬಿಟ್ಟ ಎಷ್ಟ ವರ್ಷ ಆತು. ಕಣ್ಣ ಹೋದ ಮ್ಯಾಲ ಇದೂ ಹೋತು." ಮನೆಯ ದಾರಿಯಲ್ಲಿ ಟ್ರ್ಯಾಕ್ಟರಿನ ಸಪ್ಪಳದ ನಡುವೆ ಇನ್ನೊಂದು ಮಾತು ಹೇಳಿದ. "ನಾಳೆ ನಿಮ್ಮ ಕಾಕಿನ್ನ ಕೂಡಸೂದು ಬ್ಯಾಡ. ಎಮ್ಮಿ ಬರಲಿ."

ನಾನು ಹತ್ತು ಬ್ಲಂಡರು ಮಾಡಿ ಹನ್ನೊಂದನೆಯದಕ್ಕೆ ನಗುವ ಜಾತಿಯವನು. ಆದರೆ ಆ ಟ್ರ್ಯಾಕ್ಟರಿನ ಮೇಲೆ ನಗು ಬರಲಿಲ್ಲ. ಬಾಯಿ ತೆರೆದೆ, ಧೂಳು ಒಳಗೆ ಹೋಯಿತು, ಮುಚ್ಚಿದೆ.

ಮನೆಗೆ ಬಂದು ದೋಣಿಯನ್ನು ಕೊಟ್ಟಿಗೆಗೆ ನೂಕಿ ಕಂಬ ಎಬ್ಬಿಸಿದೆ. ನನ್ನ ತಪ್ಪಿಲ್ಲವೆಂಬುದಕ್ಕೆ ನನಗೇ ಒಂದು ಸಾಕ್ಷಿ ಬೇಕಾಗಿತ್ತು. ಏಣಿ ಏರಿ ಮತ್ತೆ ಗುಂಡು ಇಳಿಬಿಟ್ಟೆ. ದಾರ ಮತ್ತು ಕಂಬ, ಮೇಲಿಂದ ಕೆಳಗೆ, ರೈಲಿನ ಹಳಿಯ ಹಾಗೆ ಜೊತೆಜೊತೆಗೆ. ಇಷ್ಟು ನೆಟ್ಟಗಿರುವ ಕಂಬ ನೀರಿನಲ್ಲಿ ಯಾಕೆ ಮೋಸ ಮಾಡಿತು? ತಲೆ ಕೆರೆದುಕೊಂಡು ನಿಂತಿರುವಾಗ ಕಾಕಿ ಒಂದು ಬಕೆಟ್ಟು ನೀರು ಮತ್ತು ಕಸ ಗುಡಿಸುವ ಬರ್ಲು ಹಿಡಿದು ಬಂದಳು. ಸೋಮವಾರ ಎಮ್ಮೆ ಬರುವುದರಿಂದ ಕೊಟ್ಟಿಗೆ ತೊಳೆಯಬೇಕಿತ್ತು. ಕಾಕಾ ಸೋಲೊಪ್ಪಿದ ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಆದರೆ ಗೆದ್ದವರ ಮುಖ ಅವಳಿಗಿರಲಿಲ್ಲ.

ಬಕೆಟ್ಟನ್ನು ಒಂದೇ ಸಲಕ್ಕೆ ನೆಲಕ್ಕೆ ಚೆಲ್ಲಿದಳು. ನೀರು ದೋಣಿಯ ಗಾಡಿಯ ಕೆಳಗೆ ನುಗ್ಗಿ, ಹಾಸುಗಲ್ಲಿನ ಮೇಲೆ ಹರಿದು, ಎಡಗಡೆ ಗೋಡೆಯ ಬುಡದ ಗಟಾರಕ್ಕೆ ಹೋಗಿ ಬಿತ್ತು. ಅವಳು ಬರ್ಲು ಕೈಯಲ್ಲಿ ಹಿಡಿದು ಒಮ್ಮೆ ನೀರನ್ನು ನೋಡಿದಳು, ಒಮ್ಮೆ ತೂಗುತ್ತಿದ್ದ ಗುಂಡನ್ನು ನೋಡಿದಳು.

"ಲೇ ಶಾಣ್ಯಾ, ಇದೇನ್ ಜೋತ ಬಿಟ್ಟಿ?"

"ಗುಂಡು ರೀ ಕಾಕಿ. ಕಂಬ ನೆಟ್ಟಗ ಐತೇನ ಅಂತ ನೋಡಾಕ."

"ನೆಟ್ಟಗ ಐತೇನ?"

"ಸೂಜಿ ಇದ್ದಂಗ ಐತ್ರಿ."

"ನೀರ ಯಾಕ ಆ ಕಡೆ ಹೊಂಟೈತಿ?"

"ಗಟಾರ ಅಲ್ಲೇ ಐತಲ್ರಿ."

"ಗಟಾರ ಕರದ್ರ ನೀರ ಹೋಗತೈತೇನ? ನೆಲಾ ಇಳಜಾರ ಐತಿ, ಅದಕ್ಕ ಹೋಗತೈತಿ. ದನದ ಮನಿ ನೆಲಾ ಸಪಾಟ ಮಾಡಿದ್ರ ಗಂಜಲಾ ನಿಂತ ಕೊಳೀತೈತಿ ಅಂತ ಗೌಂಡಿ ಹಿಂದ ನಿಂತ ನಾನ ಮಾಡಿಸೇನಿ. ನೆಲಾ ಈ ಕಡೆ ಜಾರೈತಿ, ದೋಣಿ ಈ ಕಡೆ ವಾಲೈತಿ. ನಿನ್ನ ಗುಂಡ ಮಾತ್ರ ಸೀದಾ ಐತಿ."

ನಾನು ಮೇಲೆ ನೋಡಿದೆ, ಕೆಳಗೆ ನೋಡಿದೆ. ದೋಣಿ ಎಡಕ್ಕೆ ವಾಲಿ ನಿಂತಿದೆ. ಕಂಬ ಭೂಮಿಗೆ ನೆಟ್ಟಗಿದೆ. ಅಂದರೆ ದೋಣಿಯ ಪಾಲಿಗೆ ಕಂಬ ಬಲಕ್ಕೆ ಬಿದ್ದಿದೆ, ಹತ್ತಿರ ಹತ್ತಿರ ಒಂದು ಗೇಣು. ಎರಡು ತಾಸು ಕಷ್ಟಪಟ್ಟು, ಗಂಜಲ ಹರಿಯುವ ಲೆಕ್ಕಕ್ಕೆ ನಾನು ಹಾಯಿಕಂಬ ಹೊಂದಿಸಿದ್ದೆ. ಅದಕ್ಕೇ ಗೋಡೆ ಕುಡಿದ ಹಾಗೆ ಕಂಡದ್ದೋ ಏನೋ ಎಂದು ನೋಡಿದೆ. ಇಲ್ಲ, ಗೋಡೆ ನಿಜವಾಗಿಯೂ ಓರೆಯೇ ಇತ್ತು. ಅದನ್ನು ಕಟ್ಟಿದ ಗೌಂಡಿಯ ಗುಂಡನ್ನೇ ನಾನು ನಂಬಿದ್ದು ಇನ್ನೊಂದು ವಿಷಯ.

"ನಿಮ್ಮ ಕಾಕಾ ಗುಂಡ ಬಿಡು ಅಂದಿದ್ರ?"

"ಇಲ್ರಿ. ಹಗ್ಗದಲೇ ಅಳಿ ಅಂದಿದ್ರು."

"ಅಳದಿ?"

ಕಾಕಿಗೆ ಸುಳ್ಳು ಹೇಳುವ ಧೈರ್ಯ ನಮ್ಮ ವಂಶದಲ್ಲೇ ಯಾರಿಗೂ ಇಲ್ಲ. ತಲೆ ಅಲ್ಲಾಡಿಸಿದೆ.

"ಅವರು ಒಳಗ ಊಟಾ ಬ್ಯಾಡ ಅಂತ ಮಲಗ್ಯಾರ," ಅಂದಳು. "ನಂಗ ಎಲ್ಲಾ ಮರತೈತಿ ಅನ್ನಾಕತ್ತಾರ. ಹೋಗಿ ಹೇಳು. ನಾ ಹೇಳಂಗಿಲ್ಲ, ನೀನ ಹೇಳಬೇಕು."

ಅಂಗಳ ದಾಟಲು ಹನ್ನೆರಡು ಹೆಜ್ಜೆ. ಅಷ್ಟು ಉದ್ದದ ಅಂಗಳ ನಮ್ಮ ಜಿಲ್ಲೆಯಲ್ಲಿ ಎಲ್ಲೂ ಇಲ್ಲವೆಂದು ಅವತ್ತು ಗೊತ್ತಾಯಿತು. ಕಾಕಾ ಗೋಡೆಯ ಕಡೆ ತಿರುಗಿ ಮಲಗಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಗುಂಡು, ಇಳಿಜಾರು, ಹಗ್ಗ ಮುಟ್ಟದೇ ಇದ್ದದ್ದು, ದಂಡೆಯ ಮೇಲೆ ಮತ್ತೆ ಸುಳ್ಳು ಹೇಳಿದ್ದು. ಮುಗಿದ ಮೇಲೂ ಅವನು ಗೋಡೆಯನ್ನೇ ನೋಡುತ್ತಿದ್ದ.

"ಅಂದ್ರ ನಂಗ ಮರತಿಲ್ಲ," ಅಂದ.

"ಇಲ್ರಿ."

"ಹಗ್ಗದಲೇ ಅಳಿ ಅಂದದ್ದು ಬರೋಬರಿ ಇತ್ತು."

"ಬರೋಬರಿ ಇತ್ರಿ ಕಾಕಾ."

ಎದ್ದು ಕೂತ. ನಾನು ಕೆನ್ನೆ ಸಿದ್ಧ ಮಾಡಿಕೊಂಡೆ. ಅವನು ನನ್ನ ಹೆಗಲು ಹಿಡಿದು ಎದ್ದು ನಿಂತು, "ನಿಂಗ ಕತ್ತೆ ಅಂದ್ರ ಕತ್ತೆಗೆ ಸಿಟ್ಟ ಬರತೈತಿ," ಅಂದ. ಆಮೇಲೆ ಬಹಳ ಹೊತ್ತು ನಕ್ಕ. ಕಣ್ಣು ಒರೆಸಿಕೊಳ್ಳಬೇಡವೆಂದು ಡಾಕ್ಟರು ಹೇಳಿದ್ದರಿಂದ ಹಾಗೇ ನೀರು ಇಳಿಸಿಕೊಂಡು ನಕ್ಕ.

ಮತ್ತೆ ಕೊಟ್ಟಿಗೆಗೆ ಬಂದೆವು. ಬಿಸಿಲು ಇನ್ನೂ ಇತ್ತು. ನಾನು ಹಾಯಿಯ ಹಗ್ಗ ಹಿಡಿದು ಎಡ ಅಂಚಿಗೆ ಎಳೆದು ಗಂಟು ಹಾಕಲು ಹೋದೆ. ಕಾಕಿ ಅದನ್ನು ಕೈಯಿಂದ ಕಸಿದುಕೊಂಡಳು.

"ಸರಿ ಆ ಕಡೆ. ಇದು ಹೊರಸಿನ ಕೆಲಸ."

ಮನೆಯ ನಾಲ್ಕೂ ಹೊರಸು ಹೆಣೆದವಳು ಅವಳೇ. ಹೊರಸಿನ ಚೌಕಟ್ಟು ಓರೆ ಇದೆಯೋ ಅಂತ ತಿಳಿಯಲು ಒಂದು ಮೂಲೆಯಿಂದ ಎದುರಿನ ಮೂಲೆಗೆ ಹಗ್ಗ ಹಿಡಿದು, ಅದೇ ಹಗ್ಗವನ್ನು ಇನ್ನೆರಡು ಮೂಲೆಗೆ ಹಿಡಿದು ನೋಡುತ್ತಾಳೆ. ಎರಡೂ ಸಮ ಬಂದರೆ ಹೊರಸು ಸರಿ, ಅಂಗಳ ಎಷ್ಟು ಓರೆ ಇದ್ದರೂ ಚಿಂತೆಯಿಲ್ಲ. ಕಾಕಾ ಹೇಳಿದ್ದೂ ಅದನ್ನೇ. ಅವನು ಪುಣೆಯಲ್ಲಿ ಕಲಿತದ್ದನ್ನು ಅವಳು ತವರಿನಲ್ಲಿ ಕಲಿತಿದ್ದಳು, ಅಷ್ಟೇ ವ್ಯತ್ಯಾಸ.

ಎಡಕ್ಕೂ ಬಲಕ್ಕೂ ಅಳೆದಳು. ಒಂದು ಗೇಣಿಗೆ ಎರಡು ಬೆರಳು ಕಡಿಮೆ ಅಂತರ ಬಂತು. "ಎಡಕ್ಕ ಅರ್ಧಾ ಸುತ್ತ ಬಿಗಿ," ಅಂದಳು. ನಾನು ಪೂರ್ತಿ ಸುತ್ತು ಬಿಗಿದೆ. ಮೊಣಕೈಗೆ ಬರ್ಲಿನ ಕಡ್ಡಿ ತಾಗಿತು. "ಅರ್ಧಾ ಅಂದ್ರ ಅರ್ಧಾ. ಒಂದ ಮಗ್ಗಲ ಒಮ್ಮೆಲೆ ಜಗ್ಗಿದ್ರ ಹೊರಸಿನ ಕಾಲ ಮ್ಯಾಲ ಏಳತೈತಿ. ಈ ಕಡೆ ಅರ್ಧಾ ಬಿಡು, ಆ ಕಡೆ ಅರ್ಧಾ ಬಿಗಿ, ಆಮ್ಯಾಲ ನೋಡು." ಹಾಗೇ ಮಾಡುತ್ತಾ ಹೋದೆವು. ಅವಳು ಅಳೆಯುವುದು, ನಾನು ತಿರುವುವುದು, ಕಾಕಾ ತಂತಿ ಒತ್ತಿ ನೋಡಿ 'ಹೂಂ' ಅನ್ನುವುದು. ಗಂಟು ಎರಡೂ ಅಂಚಿಗೆ ಸರಿಯಾಗಿ ಮುಟ್ಟಿದಾಗ ಕಂಬ ಆ ಕೊಟ್ಟಿಗೆಯಲ್ಲಿ ಎಷ್ಟು ಓರೆಯಾಗಿ ಕಂಡಿತೆಂದರೆ, ಅದನ್ನು ಹಾಗೇ ಬಿಡಲು ನನಗೆ ಮನಸ್ಸೇ ಬರಲಿಲ್ಲ.

"ಒಂದ ಕೇಳಲಿ?" ಅಂದ ಕಾಕಾ ಕಾಕಿಗೆ. "ಸುಮ್ಮ ಇದ್ದಿದ್ರ ದನದ ಮನಿ ನಿನ್ನದ ಆಗತಿತ್ತಲ್ಲ. ಯಾಕ ಹೇಳಿದಿ?"

"ಗೆಲ್ಲೂದಾದ್ರ ನೀರಿನ ಮ್ಯಾಲ ಗೆಲ್ಲತೇನಿ. ಈ ಮಂಗ್ಯಾನ ಸುಳ್ಳಿನ ಮ್ಯಾಲ ಅಲ್ಲ. ಮಾತ ಮಾತ ಐತಿ, ನಾಳೆ ಒಂದ ಹನಿ ತಾಗಲಿ, ನೋಡ್ರಿ."

ರವಿವಾರ ಬೆಳಿಗ್ಗೆ ಕಾಕಾ ಕಪ್ಪು ಕನ್ನಡಕ ತೆಗೆದಿಟ್ಟು ಹೊಸ ಚಸ್ಮಾ ಹಾಕಿಕೊಂಡ. ದಂಡೆಯಲ್ಲಿ ಕಂಬ ಎಬ್ಬಿಸಿದ ಮೇಲೆ, ದೋಣಿಯ ಹಿಂದೆ ನಿಂತು, ತಿಂಗಳ ನಂತರ ಮೊದಲ ಸಲ ತಲೆ ಎತ್ತಿ ತುದಿತನಕ ನೋಡಿದ. ತಂತಿಯನ್ನೊಮ್ಮೆ ಸವರಿ ಒಳಗೆ ಹತ್ತಿ ಚುಕ್ಕಾಣಿ ಹಿಡಿದ. ಕಾಕಿ ಇಳಕಲ್ ಸೀರೆಯ ಮೇಲೆ ಕೇಸರಿ ಬಣ್ಣದ ತೇಲುಜಾಕೀಟು ಹಾಕಿಕೊಂಡು, ಸೆರಗನ್ನು ಅದರೊಳಗೆ ತುರುಕಿ, ನಡುವಿನ ಹಲಗೆಯ ಮೇಲೆ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವರ ಹಾಗೆ ಕೂತಳು. ನಾನೂ ಒಂದು ಜಾಕೀಟು ಹಾಕಿಕೊಂಡು ಹಾಯಿಯ ಹಗ್ಗ ಹಿಡಿದೆ.

ಆ ದಂಡೆಗೆ ಹೋದೆವು. ದೋಣಿ ಸದ್ದಿಲ್ಲದೆ ಹೋಯಿತು. ಕಾಕಿ ಹಲಗೆಯ ಅಂಚನ್ನು ಬಿಡಲಿಲ್ಲ. ಅಲ್ಲಿ ತಿರುಗಿಸಿ ಗಾಳಿ ಎಡಗಡೆಯಿಂದ ಬಂದಾಗ ನಾನು ಎಡ ಅಂಚಿಗೆ ಸರಿದು ಕೂತೆ. ದೋಣಿ ಸ್ವಲ್ಪ ವಾಲಿತು, ವಾಲಿದಷ್ಟಕ್ಕೇ ನಿಂತು ಮುಂದಕ್ಕೆ ಓಡಿತು. ಮನೆಯ ಕಡೆಗೇ. ಕಾಕಿ ಬಲಗಡೆ ತಂತಿಯನ್ನು ಬೆರಳಿಂದ ಒತ್ತಿದಳು.

"ಇದು ಸಡ್ಲ ಆಗೈತಲ್ಲ."

"ಗಾಳಿ ಆ ಕಡೆ ಐತಿ," ಅಂದ ಕಾಕಾ. "ಭಾರ ಎಲ್ಲಾ ಎಡದ ತಂತಿ ಮ್ಯಾಲ ಐತಿ. ಈ ಕಡಿದು ಸಡ್ಲ ಆಗಬೇಕು."

"ಗೊತ್ತೈತಿ. ಹೊರಸಿನ ಒಂದ ಮಗ್ಗಲ ಕುಂತ್ರ ಇನ್ನೊಂದ ಮಗ್ಗಲ ಹಂಗ ಆಗತೈತಿ." ಅವಳು ಕೈಯನ್ನು ಹಲಗೆಯಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. "ಅಡ್ಡಿಲ್ಲ," ಅಂದಳು.

ದಂಡೆ ಇಪ್ಪತ್ತು ಮಾರು ಉಳಿದಿತ್ತು. ಬಟ್ಟೆ ಒಗೆಯುವವರು ಇದ್ದರು, ತೆಪ್ಪದವರೂ ನಿಂತಿದ್ದರು. ನಿನ್ನೆ ನನ್ನನ್ನು ನೋಡಿದವರು ಇವತ್ತೂ ನೋಡಲಿ ಅಂತ ನನಗೆ ಆಸೆಯಾಯಿತು. ಹಗ್ಗ ಬಿಟ್ಟು, ಎದ್ದು ನಿಂತು, ಎರಡೂ ಕೈ ಎತ್ತಿದೆ. ಅದೇ ಕ್ಷಣಕ್ಕೆ ಕಾಕಾ ದಂಡೆಗೆ ಹಚ್ಚಲೆಂದು ದೋಣಿ ತಿರುಗಿಸಿದ. ಅಡ್ಡಗಳೆ ಬೀಸಿಕೊಂಡು ಬಂತು. ಅದು ಬರುವುದು ನನಗೆ ಗೊತ್ತಾಯಿತು, ಎಂದಿನ ಹಾಗೆ.

ನೀರಿಗೆ ಬೆನ್ನು ಕೊಟ್ಟು ಬಿದ್ದೆ. ನನ್ನ ತೂಕ ಎಪ್ಪತ್ತೆಂಟು ಕಿಲೊ. ಎದ್ದ ನೀರು ಒಂದು ಎತ್ತಿನ ಎತ್ತರ ಹೋಗಿ, ಸ್ವಲ್ಪ ಯೋಚಿಸಿ, ಪೂರ್ತಿ ಕಾಕಿಯ ಮೇಲೆ ಇಳಿಯಿತು. ಜಾಕೀಟಿನ ಆಸರೆಯಲ್ಲಿ ಮೇಲೆ ಬಂದು ಕಣ್ಣು ಬಿಟ್ಟಾಗ, ಅವಳ ಮೂಗುತಿಯಿಂದ ಒಂದು ಹನಿ ಸೀರೆಯ ಮೇಲೆ ಬೀಳುವುದು ಕಂಡಿತು. ಕಾಕಾ ಚುಕ್ಕಾಣಿ ಹಿಡಿದುಕೊಂಡೇ ತಲೆ ತಗ್ಗಿಸಿದ. ಮಾತು ಮಾತೇ.

ದಂಡೆಗೆ ಇಳಿದು ಕಾಕಿ ಸೆರಗು ಹಿಂಡಿದಳು. ತೆಪ್ಪದವರು ಮೊದಲುಗೊಂಡು ಎಲ್ಲರೂ ಕಾದು ನಿಂತರು. ನಾನು ಮೊಣಕಾಲು ನೀರಿನಲ್ಲೇ ನಿಂತೆ.

"ಎಮ್ಮಿ ನಾಳೆ ಎಷ್ಟಕ್ಕ ಬರತೈತಿ?" ಅಂತ ಕಾಕಾ ಸಣ್ಣಗೆ ಕೇಳಿದ. "ಮೋಡ್ಕಾದಂವಗ ಫೋನ ಮಾಡತೇನಿ."

"ಯಾಕ? ದೋಣಿ ಏನ್ ಮಾಡೈತಿ?" ಅಂದಳು ಕಾಕಿ. "ಹೋತು, ಬಂತು, ಒಂದ ಹನಿ ಹಾರಸಲಿಲ್ಲ. ಹಾರಿಸಿದಂವ ಅಲ್ಲಿ ನಿಂತಾನ ನೋಡ್ರಿ ಕ್ವಾಣದಂಗ. ತಪ್ಪ ಯಾರದ ಐತಿ, ಅವರ ಜಾಗಾ ಬಿಡಬೇಕು."

ನನಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ನನ್ನ ಹೊರಗಿನ ಖೋಲಿ, ನಾನು ಬರುವ ಮುಂಚೆ, ಕರು ಕಟ್ಟುವ ಜಾಗವಾಗಿತ್ತಂತೆ. ಗೋಡೆಯಲ್ಲಿ ನಾನು ಅಂಗಿ ತೂಗುಹಾಕುತ್ತಿದ್ದ ಕಬ್ಬಿಣದ ಬಳೆ ಅಂಗಿಗಾಗಿ ಹಾಕಿಸಿದ್ದಲ್ಲವಂತೆ.

ಸೋಮವಾರ ಸಂಜೆ ಅಪ್ಪ ಟೆಂಪೊದಲ್ಲಿ ಎಮ್ಮೆ ಮತ್ತು ಕರು ತಂದ. ಅವನು ಬಂದಾಗ ನಾನು ನನ್ನ ಹೊರಸನ್ನು ಕೊಟ್ಟಿಗೆಯಲ್ಲಿ ದೋಣಿಯ ಪಕ್ಕಕ್ಕೆ ಹಾಕುತ್ತಿದ್ದೆ. ಕಾಕಿ ಎಮ್ಮೆಯ ಹಣೆಗೆ ಕುಂಕುಮ ಹಚ್ಚಿ, ಖೋಲಿಯ ಬಾಗಿಲಿನಿಂದ ಒಳಗೆ ಕರೆದೊಯ್ದಳು. ಅಪ್ಪ ಕರುವಿನ ಹಗ್ಗ ಕೈಯಲ್ಲಿ ಹಿಡಿದು ಒಮ್ಮೆ ಆ ಕಡೆ ನೋಡಿದ, ಒಮ್ಮೆ ಈ ಕಡೆ ನೋಡಿದ.

"ಏನವಾ ಇದು?" ಅಂತ ಕಾಕಿಯನ್ನು ಕೇಳಿದ.

"ಏನಿಲ್ರಿ ಭಾವಾರ. ಜಾಗಾ ಹೊಂದಸಾಕತ್ತೇನಿ."

ಅಪ್ಪ ನನ್ನ ಹಾಸಿಗೆಯನ್ನೂ ಅದರ ಮೇಲೆ ಮಾಡಿನಲ್ಲಿ ಕಾಣುತ್ತಿದ್ದ ಆಕಾಶವನ್ನೂ ಸ್ವಲ್ಪ ಹೊತ್ತು ನೋಡಿದ. "ಬರೋಬರಿ ಮಾಡಿದಿ ಬಿಡವಾ," ಅಂದ. "ಇಂವ ಮನ್ಯಾಗ ಇದ್ದಾಗ ನಾನೂ ಇದನ್ನ ಮಾಡಬೇಕಂದಿದ್ದೆ, ಎಮ್ಮಿ ಒಪ್ಪಲಿಲ್ಲ."

ಒಳಗಿನಿಂದ ಕಾಗದ ಹರಿಯುವ ಸದ್ದು ಬಂತು. ಓಡಿಹೋಗಿ ನೋಡಿದೆ. ನಾನು ಡಿಪ್ಲೊಮಾ ಮರುಪರೀಕ್ಷೆಗೆಂದು ಗೋಡೆಗೆ ಅಂಟಿಸಿದ್ದ ವೇಳಾಪಟ್ಟಿಯನ್ನು ಎಮ್ಮೆ ಬುಧವಾರದ ತನಕ ತಿಂದಿತ್ತು. ಅವಸರವಿಲ್ಲದೆ ಗುರುವಾರಕ್ಕೆ ಬಾಯಿ ಹಾಕುತ್ತಿತ್ತು.